ಒಂದೇ ವಾಕ್ಯಭಾಗದ ಮೇಲೆ ಒಬ್ಬೊಬ್ಬರದು ಒಂದೊಂದು ಥರದ ಪ್ರಸಂಗ ಯಾಕೆ?

ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಸಾಮ್ಯದ (ದೃಷ್ಟಾಂತ ಕಥೆಯ) ಮೇಲೆ ಮೂರು ಸಭೆಗಳಲ್ಲಿ ಮೂರು ಥರದ ಪ್ರಸಂಗ ಕೇಳಿ ಗೊಂದಲವಾಯಿತು, ಬೈಬಲ್ ಒಂದೇ ಅಲ್ವಾ ಎಂದು ಕೇಳಿದ್ದೀರಿ. ಬೈಬಲ್ ಒಂದೇ. ಅದರ ಮುಂದೆ ಕೂತಾಗ ಬೋಧಕರು ಮೊದಲು ಕೇಳಿಕೊಳ್ಳುವ ಪ್ರಶ್ನೆ ಬೇರೆ ಬೇರೆ. ನಾನು ಪಾಸ್ಟರ್ ಅಲ್ಲ. ಅವರು ಇಲ್ಲದ ಭಾನುವಾರ ಪ್ರಸಂಗಕ್ಕೆ ನಿಲ್ಲುವ ಸಭೆಯ ಸದಸ್ಯ, ಅಷ್ಟೇ. ಇದೇ ಸಾಮ್ಯದಲ್ಲಿ ನಾನೂ ಎಡವಿದ್ದೇನೆ. ಅದು ಆಮೇಲೆ.

ಕಥೆ ಇಷ್ಟೇ. ಯೆರೂಸಲೇಮಿನಿಂದ ಯೆರಿಕೋಗೆ ಹೋಗುತ್ತಿದ್ದವನನ್ನು ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋಗುತ್ತಾರೆ. ದೇವಾಲಯದ ಯಾಜಕ, ಅಲ್ಲಿ ಸೇವೆ ಮಾಡುವ ಲೇವಿಯ ಇಬ್ಬರೂ ನೋಡಿ ದಾಟಿ ಹೋಗುತ್ತಾರೆ. ಯೆಹೂದ್ಯರು ದೂರವಿಡುತ್ತಿದ್ದ ಸಮಾರ್ಯದವನೊಬ್ಬ ನಿಂತು ನೆರವಾಗುತ್ತಾನೆ. ಇದರಲ್ಲಿ ಬರುವ ಎರಡು ನಾಣ್ಯ ನೋಡಿ. ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಸಮಾರ್ಯದವನು ಗಾಯಗೊಂಡವನನ್ನು ಛತ್ರಕ್ಕೆ ಸೇರಿಸಿ, ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಡುತ್ತಾನೆ. 3ನೇ ಶತಮಾನದ ಕ್ರೈಸ್ತ ಪಂಡಿತ ಒರಿಜೆನ್, ಒಬ್ಬ ಹಿರಿಯರು ಹೀಗೆ ಹೇಳುತ್ತಿದ್ದರು ಎನ್ನುತ್ತಾ ಇದನ್ನು ಬಿಡಿಸುತ್ತಾರೆ. ಪೆಟ್ಟು ತಿಂದವನು ಆದಾಮ. ಯೆರೂಸಲೇಮ್ ಪರದೈಸು, ಯೆರಿಕೋ ಈ ಲೋಕ. ಯಾಜಕನೆಂದರೆ ಧರ್ಮಶಾಸ್ತ್ರ, ಲೇವಿಯನೆಂದರೆ ಪ್ರವಾದಿಗಳು. ಸಮಾರ್ಯದವನು ಕ್ರಿಸ್ತ, ಛತ್ರ ಸಭೆ. ಎರಡು ನಾಣ್ಯ? ತಂದೆ ಮತ್ತು ಮಗನ ಅರಿವು. ಮುಂದೆ ಬಿಷಪ್ ಅಗಸ್ಟೀನರೂ ಇದೇ ದಾರಿ ಹಿಡಿದರು. ಆದರೆ ಅವರ ಲೆಕ್ಕದಲ್ಲಿ ನಾಣ್ಯಗಳೆಂದರೆ ಪ್ರೀತಿಯ ಎರಡು ಆಜ್ಞೆಗಳೂ ಆಗಬಹುದು, ಛತ್ರದವನು ಪೌಲ! ಹೀಗೆ ಓದಿದರೆ ಪ್ರಸಂಗದಲ್ಲಿ ಏದೆನ್ ತೋಟದಿಂದ ಕ್ರಿಸ್ತನ ಎರಡನೇ ಬರೋಣದವರೆಗೆ ಎಲ್ಲವೂ ಬರುತ್ತದೆ. ಕೇಳಲು ಸೊಗಸು. ಆದರೆ ನಾಣ್ಯ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು. ಯಾರದು ಸರಿ ಅಂತ ವಾಕ್ಯವನ್ನೇ ಕೇಳಿದರೆ ವಾಕ್ಯ ಸುಮ್ಮನಿರುತ್ತದೆ.

ಅಂತಿಯೋಕ್ಯ ಎಂಬ ಹಳೆಯ ಪಟ್ಟಣದ ಬೋಧಕರ ತಕರಾರೂ ಇದೇ ಥರದ್ದು. ಬರೆದ ಮಾತು, ನಡೆದ ಸಂಗತಿ ಮೊದಲು ಎಂದರು ಅವರು. ಆ ಊರಲ್ಲೇ ಬೋಧಿಸಿದ ಯೋಹಾನ ಕ್ರಿಸೋಸ್ತೋಮರ ಮತ್ತಾಯನ ಸುವಾರ್ತೆಯ 90 ಪ್ರಸಂಗಗಳು ಇವತ್ತಿಗೂ ಸಿಗುತ್ತವೆ. ವಚನ ವಚನ ಬಿಡಿಸುತ್ತಾ ಹೋಗುತ್ತಾರೆ, ಕೊನೆಗೆ ಎಷ್ಟೋ ಸಲ ದುಡ್ಡು, ದುರಾಸೆ, ಬಾಗಿಲಲ್ಲಿ ನಿಂತ ಬಡವನ ಹತ್ತಿರ ಬಂದು ನಿಲ್ಲುತ್ತಾರೆ. ಕೇಳುವವರಿಗೆ ಹಾಯೆನಿಸುವ ಪ್ರಸಂಗಗಳಲ್ಲ.

16ನೇ ಶತಮಾನದ ಪ್ರೊಟೆಸ್ಟೆಂಟ್ ಸುಧಾರಕ ಕಾಲ್ವಿನ್ ಅವರಿಗಂತೂ ಸಮಾರ್ಯದವನೇ ಕ್ರಿಸ್ತ ಎನ್ನುವ ಓದು ಸ್ವಲ್ಪವೂ ಹಿಡಿಸಲಿಲ್ಲ. ಅವರ ಕಥೆಯೊಂದು ನನಗೆ ಬಹಳ ಇಷ್ಟ. 1538ರಲ್ಲಿ ಜಿನೀವಾ ಅವರನ್ನು ಹೊರಗೆ ಹಾಕಿತು. 1541ರಲ್ಲಿ ಮತ್ತೆ ಕರೆಸಿಕೊಂಡಿತು. ಬೇರೆ ಯಾರಾದರೂ ಆಗಿದ್ದರೆ ಮೊದಲ ಪ್ರಸಂಗದಲ್ಲೇ ಹಳೆಯ ಲೆಕ್ಕ ಚುಕ್ತಾ ಮಾಡುತ್ತಿದ್ದರು. ಇವರು ಹಿಂದೆ ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದಲೇ ವಾಕ್ಯ ಮುಂದುವರಿಸಿದರು. ಪುಸ್ತಕವನ್ನು ಸಾಲಾಗಿ ಬೋಧಿಸುವ ಸಭೆಗಳಲ್ಲಿ ಇವತ್ತಿಗೂ ಆ ವಾರದ ವಿಷಯ ಆರಿಸುವುದು ಪಾಸ್ಟರ್ ಅಲ್ಲ, ಮುಂದಿನ ವಚನ. ಕ್ಯಾಥೊಲಿಕರಲ್ಲಿ ಮೂರು ವರ್ಷದ ವಾಚನಗಳ ಪಟ್ಟಿ ಆ ಕೆಲಸ ಮಾಡುತ್ತದೆ.

ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 20ನೇ ಅಧ್ಯಾಯದಲ್ಲಿ ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆಯ ಮಾತಿದೆ; ಅದರ ಅರ್ಥದ ಜಗಳಕ್ಕೆ ನಾನು ಹೋಗುವುದಿಲ್ಲ. ಅದನ್ನು ಮುಂದೆ ಬರುವ ಸಾವಿರ ವರ್ಷವೆಂದೇ ಓದುವವರ ಪ್ರಸಂಗದಲ್ಲಿ ಪತ್ರಿಕೆಯ ಸುದ್ದಿ ಜಾಸ್ತಿ ಇರುತ್ತದೆ. ಸಭೆಯ ಈಗಿನ ಕಾಲವೇ ಅದು ಎನ್ನುವವರಲ್ಲಿ ಕಮ್ಮಿ.

ಈಗ ನನ್ನ ಕಥೆ. ಸಮಾರ್ಯದವನ ಮೇಲೆ ಮೊದಲ ಸಲ ಪ್ರಸಂಗ ಮಾಡಿದಾಗ, ಕಷ್ಟದಲ್ಲಿರುವವರನ್ನು ದಾಟಿ ಹೋಗಬೇಡಿ ಎಂದು ಅರ್ಧ ಗಂಟೆ ಹೇಳಿದೆ. ಚೆನ್ನಾಗೇ ಆಯಿತು ಅಂದುಕೊಂಡೆ. ಲೂಥರನ್ ಸಭೆಯ ವಯಸ್ಸಾದ ಪಾಸ್ಟರ್ ಒಬ್ಬರು ಅಂದು ಬಂದಿದ್ದರು. "ಮಾಡು, ಮಾಡು ಅಂತ ಆಜ್ಞೆ ಕೊಟ್ಟೆಯಪ್ಪಾ. ಸುವಾರ್ತೆ ಎಲ್ಲಿ?" ಎಂದರು. ಅವರ ಪರಂಪರೆಯಲ್ಲಿ ಯಾವ ವಾಕ್ಯಕ್ಕೂ ಮೊದಲ ಪ್ರಶ್ನೆ ಅದೇ. ಇದು ದೇವರು ಕೇಳುವುದೋ, ದೇವರು ಕೊಡುವುದೋ?

ವರ್ಷಗಳ ನಂತರ ಅದೇ ಭಾಗ ಮತ್ತೆ ನನ್ನ ಪಾಲಿಗೆ ಬಂತು. ಈ ಸಲ ಕೇಳುವವರನ್ನೆಲ್ಲ ದಾರಿಯಲ್ಲಿ ಬಿದ್ದವನ ಜಾಗದಲ್ಲಿ ಇಟ್ಟೆ. ಎದ್ದೇಳಲಾಗದ ನಮ್ಮ ಹತ್ತಿರ ಬಂದವನು ಕ್ರಿಸ್ತ ಎಂದೆ. ಒರಿಜೆನ್ ದಾರಿಗೇ ಬಂದುಬಿಟ್ಟೆ ನೋಡಿ! ಆರಾಧನೆ ಮುಗಿದ ಮೇಲೆ ಒಬ್ಬ ಅಜ್ಜಿ ಬೈಬಲ್ ಹಿಡಿದುಕೊಂಡೇ ಬಂದರು. 37ನೇ ವಚನದ ಮೇಲೆ ಬೆರಳಿಟ್ಟು, "ಹೋಗು, ನೀನೂ ಅದರಂತೆ ಮಾಡು ಅಂತ ಇದೆಯಲ್ಲಪ್ಪಾ, ಇದನ್ನು ಯಾಕೆ ಓದಲಿಲ್ಲ?" ಎಂದರು. ಹೌದು, ನಾನು 36ಕ್ಕೇ ನಿಲ್ಲಿಸಿದ್ದೆ.