ಬೆಳಿಗ್ಗೆ ಒಪ್ಪಿಸಿದ್ದನ್ನು ಮಧ್ಯಾಹ್ನ ಮತ್ತೆ ಎತ್ತಿಕೊಂಡರೆ?

ಪ್ರಿಯ ಸಹೋದರಿ,

ನಿಮ್ಮ ಪತ್ರ ತಲುಪಿತು. ಹೆಸರು ಹಾಕಬೇಡಿ ಎಂದು ಕೇಳಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗೂ ವಿಷಯ ತಿಳಿಯಬೇಕಲ್ಲ, ಅದಕ್ಕೆ ಪತ್ರದ ಮುಖ್ಯ ಭಾಗವನ್ನಷ್ಟೇ ಇಲ್ಲಿ ಕೊಡುತ್ತಿದ್ದೇನೆ.

"ನನ್ನ ಗಂಡನಿಗೆ ಪಾರ್ಶ್ವವಾಯು ಆದ ಮೇಲೆ ಅವರನ್ನು ಎಬ್ಬಿಸುವುದು, ಕೂರಿಸುವುದು, ತಿನ್ನಿಸುವುದು ಎಲ್ಲ ನಾನೇ. ಕೆಲಸಕ್ಕೂ ಹೋಗುತ್ತೇನೆ. ಸುಸ್ತಾದಾಗ ಅವರ ಮೇಲೆ ರೇಗುತ್ತೇನೆ, ಆಮೇಲೆ ಅಳುತ್ತೇನೆ. ಮೊದಲೆಲ್ಲ ಚರ್ಚಿನ ಬಲಿಪೂಜೆಯಲ್ಲಿ (ಮಾಸ್‌ನಲ್ಲಿ) ಕಣ್ಣು ತುಂಬಿ ಬರುತ್ತಿತ್ತು. ಈಗ ಏನೂ ಅನ್ನಿಸುವುದಿಲ್ಲ. ಎಷ್ಟೋ ಭಾನುವಾರ ಚರ್ಚಿಗೆ ಹೋಗಲೂ ಆಗುವುದಿಲ್ಲ. ರಾತ್ರಿ ಜಪಸರ ಹಿಡಿದರೆ ಎರಡನೇ ರಹಸ್ಯದೊಳಗೆ (ಎರಡನೇ ಹತ್ತು ಮಣಿ ಮುಗಿಯುವುದರೊಳಗೆ) ನಿದ್ದೆ. ಎಲ್ಲವನ್ನೂ ದೇವರ ಕೈಗೆ ಬಿಟ್ಟುಬಿಡಿ ಅನ್ನುತ್ತಾರೆ. ಬಿಡುತ್ತೇನೆ. ಬೆಳಿಗ್ಗೆ ಬಿಟ್ಟದ್ದನ್ನು ಮಧ್ಯಾಹ್ನದೊಳಗೆ ಮತ್ತೆ ಎತ್ತಿಕೊಂಡಿರುತ್ತೇನೆ. ಇವರು ಗುಣವಾಗಲಿ ಎಂದು ಬೇಡುವುದನ್ನೂ ನಿಲ್ಲಿಸಬೇಕೇ? ಗುರುಗಳಿಗೆ, ಸಿಸ್ಟರ್‌ಗಳಿಗೆ ಪ್ರಾರ್ಥನೆಗೆ ಸಮಯವಿದೆ. ನನ್ನಂಥವಳು ದೇವರಿಗೆ ಹತ್ತಿರವಾಗುವುದು ಯಾವಾಗ?"

ಆ ಮಧ್ಯಾಹ್ನದ ಮಾತಿಗೇ ಮೊದಲು ಬರುತ್ತೇನೆ. ಒಪ್ಪಿಸಿದ್ದು ಮತ್ತೆ ನಿಮ್ಮ ಹೆಗಲಿಗೇ ಬರುತ್ತದೆ, ಆದ್ದರಿಂದ ಒಪ್ಪಿಸಿದ್ದೇ ಸುಳ್ಳು ಎಂದು ನೀವು ತೀರ್ಮಾನ ಮಾಡಿಬಿಟ್ಟಿದ್ದೀರಿ. ನನಗೆ ಹಾಗೆ ಅನ್ನಿಸುವುದಿಲ್ಲ. ಬೈಬಲಿನಲ್ಲಿ ಮತ್ತಾಯನ ಶುಭಸಂದೇಶದ 26ನೇ ಅಧ್ಯಾಯವನ್ನು ತೆಗೆದು, ಯೇಸು ಶಿಲುಬೆಗೇರುವ ಮುನ್ನ ಗೆತ್ಸೆಮನಿ ತೋಟದಲ್ಲಿ ಕಳೆದ ರಾತ್ರಿಯನ್ನು ನಿಧಾನವಾಗಿ ಓದಿ. ಯೇಸುಸ್ವಾಮಿ ನೆಲಕ್ಕೆ ಬಿದ್ದು ಬೇಡುತ್ತಾರೆ. ಸಾಧ್ಯವಾದರೆ ಈ ಪಾತ್ರೆ, ಅಂದರೆ ಬರಲಿರುವ ಈ ಯಾತನೆ, ನನ್ನಿಂದ ದೂರವಾಗಲಿ ಅನ್ನುತ್ತಾರೆ. ಆದರೂ ನನ್ನ ಇಷ್ಟದಂತಲ್ಲ, ನಿಮ್ಮ ಇಷ್ಟದಂತೆ ಆಗಲಿ ಅನ್ನುತ್ತಾರೆ. ಅಲ್ಲಿಗೆ ಮುಗಿಯಿತೇ? ಇಲ್ಲ. ಎದ್ದು ಶಿಷ್ಯರ ಬಳಿ ಬರುತ್ತಾರೆ, ಅವರು ಮಲಗಿರುತ್ತಾರೆ. ಮತ್ತೆ ಹೋಗಿ ಪ್ರಾರ್ಥಿಸುತ್ತಾರೆ. ಮತ್ತೆ ಬರುತ್ತಾರೆ. ಮೂರನೆಯ ಸಲ ಹೋಗಿ ಅದೇ ಮಾತುಗಳನ್ನು ಹೇಳಿದರು ಎಂದು ಮತ್ತಾಯ ಬರೆಯುತ್ತಾರೆ. ದೇವರ ಮಗನಾಗಿದ್ದೂ ಒಂದೇ ರಾತ್ರಿಯಲ್ಲಿ ಮೂರು ಸಲ ಅದನ್ನೇ ಒಪ್ಪಿಸಿದರು. ನೀವು ಮಧ್ಯಾಹ್ನ ಇನ್ನೊಂದು ಸಲ ಒಪ್ಪಿಸಬೇಕಾಗಿ ಬಂದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆ?

ನಮ್ಮ ಕಥೋಲಿಕ ಧರ್ಮಸಭೆಗೂ ಇದು ಗೊತ್ತು. ಗುರುಗಳು, ಸಿಸ್ಟರ್‌ಗಳು ಮಲಗುವ ಮುನ್ನ ಹೇಳುವ ರಾತ್ರಿಯ ಪ್ರಾರ್ಥನೆಯಲ್ಲಿ, ನನ್ನ ಆತ್ಮವನ್ನು ನಿಮ್ಮ ಕೈಗೆ ಒಪ್ಪಿಸುತ್ತೇನೆ ಎಂಬ ಮಾತಿದೆ. ಬೈಬಲಿನ 31ನೇ ಕೀರ್ತನೆಯ ಮಾತದು. ಶಿಲುಬೆಯ ಮೇಲೆ ಯೇಸು ಹೇಳಿದ್ದೂ ಅದನ್ನೇ. ಅದನ್ನು ಪ್ರತಿ ರಾತ್ರಿ ಹೇಳಿಸುತ್ತಾರೆ. ಒಂದು ಸಲ ಹೇಳಿದರೆ ಜೀವನಪೂರ್ತಿ ಸಾಕು ಎಂದಿದ್ದರೆ ದಿನಾಲೂ ಹೇಳಿಸುವ ಅಗತ್ಯವೇ ಇರುತ್ತಿರಲಿಲ್ಲ, ಅಲ್ವಾ?

ಈಗ ಬೇಡಿಕೆಯ ವಿಷಯ. ಗುಣವಾಗಲಿ ಎಂದು ಬೇಡುವುದನ್ನು ದಯವಿಟ್ಟು ನಿಲ್ಲಿಸಬೇಡಿ. ಬೇಡಿದರೆ ನಂಬಿಕೆ ಕಡಿಮೆ, ಸುಮ್ಮನಿದ್ದರೆ ನಂಬಿಕೆ ಜಾಸ್ತಿ ಎಂದು ನಿಮಗೆ ಯಾರು ಹೇಳಿದರೋ ಗೊತ್ತಿಲ್ಲ. ಶುಭಸಂದೇಶದಲ್ಲಿ ಅಂಥ ಪಾಠವಿಲ್ಲ. ಕುರುಡ ಬಾರ್ತಿಮಾಯ ದಾರಿ ಬದಿಯಲ್ಲಿ ಕೂಗಿದಾಗ ಸುಮ್ಮನಿರು ಎಂದು ಗದರಿಸಿದ್ದು ಜನ. ಯೇಸು ನಿಂತು, ಅವನನ್ನು ಹತ್ತಿರ ಕರೆಸಿ, ನಿನಗಾಗಿ ನಾನೇನು ಮಾಡಬೇಕು ಎಂದು ಕೇಳಿದರು. ನಾವು ದಿನಾ ಹೇಳುವ ಪರಲೋಕ ಪ್ರಾರ್ಥನೆಯನ್ನೇ ನೋಡಿ. ನಿಮ್ಮ ಚಿತ್ತ ನೆರವೇರಲಿ ಅನ್ನುತ್ತೇವೆ. ಅದರ ಬೆನ್ನಿಗೇ ಅನುದಿನದ ಆಹಾರವನ್ನು ಇಂದು ಕೊಡಿ ಎಂದು ಕೇಳುತ್ತೇವೆ. ಒಪ್ಪಿಸುವುದು, ಬೇಡುವುದು ಎರಡನ್ನೂ ಯೇಸು ಒಂದೇ ಉಸಿರಿನಲ್ಲಿ ಕಲಿಸಿಕೊಟ್ಟಿದ್ದಾರೆ. ಮಾತೆ ಮರಿಯಮ್ಮನವರೂ ಇದೋ ನಾನು ಪ್ರಭುವಿನ ದಾಸಿ ಎನ್ನುವ ಮೊದಲು, ಇದು ಹೇಗಾದೀತು ಎಂದು ದೇವದೂತನನ್ನು ಕೇಳಿದರು. ಕೇಳಿದ್ದಕ್ಕೆ ದೇವದೂತ ಬೇಸರಪಡಲಿಲ್ಲ, ಉತ್ತರ ಕೊಟ್ಟ.

ಗಂಡನ ಕಾಯಿಲೆ ದೇವರ ಚಿತ್ತ, ಸಹಿಸಿಕೋ ಎಂದು ಹೇಳಿ ಎದ್ದು ಹೋಗುವವರ ಬಗ್ಗೆಯೂ ಒಂದು ಮಾತು. ಯೇಸು ಕಾಯಿಲೆಯವರನ್ನು ಕಂಡಾಗ ಮರುಗಿದರು, ಮುಟ್ಟಿದರು, ಗುಣಪಡಿಸಿದರು. ತಂದೆಯ ಮನಸ್ಸು ಎಂಥದ್ದು ಎಂದು ನಮಗೆ ತೋರಿಸಿದ್ದು ಆ ಮುಟ್ಟುವ ಕೈಗಳೇ. ನಿಮ್ಮ ಪತಿ ನರಳುವುದರಲ್ಲಿ ದೇವರಿಗೆ ಸಂತೋಷವಿದೆ ಎಂದು ಒಂದು ಕ್ಷಣವೂ ಅಂದುಕೊಳ್ಳಬೇಡಿ. ವೈದ್ಯರನ್ನು ಕಾಣುವುದು, ಔಷಧ, ವ್ಯಾಯಾಮ, ಇನ್ನೊಬ್ಬರ ಸಹಾಯ ಕೇಳುವುದು ಯಾವುದೂ ಶರಣಾಗತಿಗೆ ವಿರುದ್ಧವಲ್ಲ. ನಮ್ಮ ಕಥೋಲಿಕ ಬೈಬಲಿನ ಸಿರಾಖನ ಗ್ರಂಥದ 38ನೇ ಅಧ್ಯಾಯ ಓದಿ. ಕಾಯಿಲೆ ಬಿದ್ದಾಗ ದೇವರನ್ನು ಪ್ರಾರ್ಥಿಸು ಎನ್ನುತ್ತದೆ, ವೈದ್ಯನಿಗೂ ಜಾಗ ಕೊಡು ಎನ್ನುತ್ತದೆ. ಇದು ನಿಮಗೂ ಅನ್ವಯಿಸುತ್ತದೆ. ಏನೂ ಅನ್ನಿಸುವುದಿಲ್ಲ ಎಂಬುದು ಬರೀ ಪ್ರಾರ್ಥನೆಯಲ್ಲೋ, ಅಥವಾ ಊಟ, ನಿದ್ದೆ, ಮಾತು ಎಲ್ಲದರಲ್ಲೋ? ಎಲ್ಲದರಲ್ಲೂ ಹಾಗೇ ಇದ್ದರೆ ನೀವೂ ವೈದ್ಯರನ್ನು ಕಾಣಿ. ಮನಸ್ಸಿಗೂ ಕಾಯಿಲೆ ಬರುತ್ತದೆ, ಅದಕ್ಕೂ ಚಿಕಿತ್ಸೆ ಇದೆ. ಹಾಗೆ ಹೋಗುವುದರಿಂದ ನಿಮ್ಮ ನಂಬಿಕೆಗೆ ಯಾವ ಕುಂದೂ ಇಲ್ಲ.

ಪ್ರಾರ್ಥನೆಯಲ್ಲಷ್ಟೇ ಬರಡು ಎಂದಾದರೆ, ನಿಮಗೆ ಒಳ್ಳೆಯ ಜೊತೆಗಾರರಿದ್ದಾರೆ. ಅವಿಲಾದ ಸಂತ ತೆರೇಸ ಪ್ರಾರ್ಥನೆಯ ವಿಷಯದಲ್ಲಿ ಧರ್ಮಸಭೆಗೇ ಗುರು. 1970ರಲ್ಲಿ ಧರ್ಮಸಭೆಯ ಪಂಡಿತರು ಎಂಬ ಗೌರವ ಪಡೆದ ಮೊದಲ ಮಹಿಳೆ. ಅವರೇ ವರ್ಷಗಟ್ಟಲೆ, ಪ್ರಾರ್ಥನೆಯ ಗಂಟೆ ಯಾವಾಗ ಮುಗಿಯುತ್ತದೋ ಎಂದು ಕಾದು ಕೂತಿದ್ದುಂಟು. ಲಿಸಿಯೂವಿನ ಸಂತ ತೆರೇಸ 1896ರ ಪಾಸ್ಖ (ಈಸ್ಟರ್) ಹಬ್ಬದ ದಿನಗಳಿಂದ ಮರುವರ್ಷ ತೀರಿಕೊಳ್ಳುವವರೆಗೆ, ಸ್ವರ್ಗವೇ ಇಲ್ಲವೇನೋ ಎಂಬಂಥ ಕತ್ತಲಲ್ಲಿ ಬದುಕಿದರು. ತೀರಿಕೊಂಡಾಗ ಅವರಿಗೆ ಬರೀ 24 ವರ್ಷ. ಕೋಲ್ಕತ್ತದ ಮದರ್ ತೆರೇಸಾ ದಶಕಗಳ ಕಾಲ ಒಳಗೆ ಇದೇ ಶೂನ್ಯ ಇಟ್ಟುಕೊಂಡೇ ಬಡವರನ್ನು ಎತ್ತಿಕೊಂಡರು. ಇವರ ಬಗ್ಗೆ ಓದುವಾಗಲೆಲ್ಲ ನನಗೆ ಒಂದು ವಿಷಯ ಗಟ್ಟಿಯಾಗುತ್ತದೆ. ಕಣ್ಣೀರು, ರೋಮಾಂಚನ ಬಂದರೆ ದೇವರ ಕೊಡುಗೆ, ಕೃತಜ್ಞತೆಯಿಂದ ತಗೊಳ್ಳಿ. ಬರದಿದ್ದರೆ ದೇವರು ದೂರ ಹೋದರು ಎಂದು ಲೆಕ್ಕ ಹಾಕಬೇಡಿ. ಏನೂ ಅನ್ನಿಸದಿದ್ದರೂ ಬಂದು ಮೊಣಕಾಲೂರುತ್ತೀರಲ್ಲ, ಅದು ಪ್ರೀತಿಯಲ್ಲದೆ ಬೇರೇನು?

ಕೋಪ ಬಂದರೆ ಕೋಪವನ್ನೇ ಹೇಳಿ. 88ನೇ ಕೀರ್ತನೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಕೊನೆಗೊಂದು ಸಮಾಧಾನವೂ ಇಲ್ಲ. ಧರ್ಮಸಭೆ ಅದನ್ನು ಬಚ್ಚಿಡಲಿಲ್ಲ. ಪ್ರತಿ ಶುಕ್ರವಾರದ ರಾತ್ರಿಯ ಪ್ರಾರ್ಥನೆಗೆ ಅದನ್ನೇ ಇಟ್ಟಿದೆ. ದೇವರ ಮುಂದೆ ಒಳ್ಳೆಯ ಮುಖ ಮಾಡಿಕೊಂಡು ನಿಲ್ಲುವ ಅಗತ್ಯವಿಲ್ಲ.

ಗಂಡನ ಮೇಲೆ ರೇಗಿದ್ದು ಬೇರೆ ವಿಷಯ. ಅದನ್ನು ಪಾಪನಿವೇದನೆಗೆ ತನ್ನಿ, ಅವರ ಹತ್ತಿರವೂ ಕ್ಷಮೆ ಕೇಳಿ. ಮತ್ತೆ ರೇಗಿದರೆ ಮತ್ತೆ ತನ್ನಿ. ಅದೇ ಪಾಪವನ್ನು ಎಷ್ಟು ಸಲ ಹೇಳುವುದು ಎಂದು ಹಿಂಜರಿದು ನಿಲ್ಲಬೇಡಿ. ಆ ಸಂಸ್ಕಾರ ಇರುವುದೇ ಮತ್ತೆ ಮತ್ತೆ ಬೀಳುವ ನಮ್ಮಂಥವರಿಗೆ. ಇನ್ನು ಜಪಸರದ ನಡುವೆ ನಿದ್ದೆ ಬರುವುದು ಪಾಪವಲ್ಲ. ಲಿಸಿಯೂವಿನ ತೆರೇಸ ಮಠದ ಪ್ರಾರ್ಥನಾಲಯದಲ್ಲೇ ತೂಕಡಿಸುತ್ತಿದ್ದವರು, ಅದಕ್ಕಾಗಿ ಎದೆಗುಂದಲಿಲ್ಲ. ನೀವು ಒಂದೇ ರಹಸ್ಯ ಹೇಳಿ, ಆದರೆ ಎಚ್ಚರವಿರುವ ಹೊತ್ತಲ್ಲಿ ಹೇಳಿ. ಬಸ್ಸಿನಲ್ಲಿ ಕೂತಾಗ ಹೇಳಿದರೂ ಆದೀತು.

ಸಮಯವಿಲ್ಲ ಎಂದಿರಿ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಹೇಳಬೇಕು, ಯಾಕೆಂದರೆ ಈ ಮಾತು ನಮ್ಮ ಮೇಜಿಗೆ ಬರುವ ಬಹಳ ಪತ್ರಗಳಲ್ಲಿ ಇರುತ್ತದೆ. 1844ರಲ್ಲಿ ಫ್ರಾನ್ಸಿನ ವಾಲ್ ಎಂಬಲ್ಲಿ ಯೇಸುಸಭೆ (ಜೆಸ್ವಿಟ್) ಎಂಬ ಗುರುಗಳ ಸಂಘದ ಕೆಲವು ಎಳೆಯ ವಿದ್ಯಾರ್ಥಿಗಳಿದ್ದರು. ದೂರದ ನಾಡುಗಳಿಗೆ ಹೋಗಿ ಶುಭಸಂದೇಶ ಸಾರಬೇಕು ಎಂಬ ತವಕ ಅವರಿಗೆ. ಓದು ಮುಗಿಯುವ ತನಕ ಕಾಯಬೇಕಲ್ಲ ಎಂಬ ಚಡಪಡಿಕೆ ಬೇರೆ. ಅವರ ಆಧ್ಯಾತ್ಮಿಕ ಮಾರ್ಗದರ್ಶಿ ಫಾದರ್ ಗೋತ್ರಲೇ ಅವರಿಗೆ ಹೇಳಿದ್ದು ಇಷ್ಟೇ: ಈಗ ನಿಮ್ಮ ಮುಂದಿರುವ ಓದನ್ನೇ, ದಿನದ ಸಣ್ಣಪುಟ್ಟ ಕೆಲಸಗಳನ್ನೇ, ಕಷ್ಟಗಳನ್ನೇ ಬೆಳಿಗ್ಗೆ ಎದ್ದು ದೇವರಿಗೆ ಅರ್ಪಿಸಿ, ಪ್ರೇಷಿತರಾಗುವುದನ್ನು, ಅಂದರೆ ಶುಭಸಂದೇಶ ಸಾರುವವರಾಗುವುದನ್ನು, ಇಲ್ಲಿಂದಲೇ ಶುರು ಮಾಡಿ. ಬೆಳಗಿನ ಅರ್ಪಣೆಯ ಪ್ರಾರ್ಥನೆ ಜಗತ್ತಿನಾದ್ಯಂತ ಮನೆಮನೆಗೆ ಹರಡಿದ್ದು ಅಲ್ಲಿಂದ ಶುರುವಾದ ಕೂಟದ ಮೂಲಕ. ಆ ವಿದ್ಯಾರ್ಥಿಗಳೂ ನಿಮ್ಮ ಹಾಗೆಯೇ, ದೇವರ ಕೆಲಸ ಬೇರೆಲ್ಲೋ ನಡೆಯುತ್ತಿದೆ, ನಾವಿಲ್ಲಿ ಸಿಕ್ಕಿಬಿದ್ದಿದ್ದೇವೆ ಎಂದುಕೊಂಡಿದ್ದವರು.

ಪ್ಯಾರಿಸಿನ ಕಾರ್ಮೆಲ್ ಮಠದಲ್ಲಿ ಬ್ರದರ್ ಲಾರೆನ್ಸ್ ಎಂಬವರಿದ್ದರು. 1691ರಲ್ಲಿ ತೀರಿಕೊಂಡರು. ಮೊದಲು ಸೈನಿಕ, ಗಾಯದಿಂದ ಕಾಲು ಕುಂಟಾಗಿತ್ತು. ಮಠದಲ್ಲಿ ಅವರಿಗೆ ಸಿಕ್ಕಿದ್ದು ಅಡುಗೆಮನೆ ಕೆಲಸ. ಅದು ಅವರಿಗೆ ಇಷ್ಟದ ಕೆಲಸವೂ ಅಲ್ಲ. ಆದರೆ ಪಾತ್ರೆಗಳ ಸದ್ದು, ನಾಲ್ಕು ಜನ ನಾಲ್ಕು ಕಡೆಯಿಂದ ಕೂಗುವ ಗಲಾಟೆ, ಇದರ ಮಧ್ಯೆಯೇ ದೇವರ ಜೊತೆ ಮಾತಾಡುವ ಅಭ್ಯಾಸ ಮಾಡಿಕೊಂಡರು. ಅದೂ ಒಂದೇ ದಿನದಲ್ಲಿ ಬಂದದ್ದಲ್ಲ, ಮನಸ್ಸು ಜಾರಿದಾಗಲೆಲ್ಲ ಮತ್ತೆ ತಿರುಗಿಸಿ ತಿರುಗಿಸಿ ರೂಢಿಯಾದದ್ದು. ನೀವು ಪತಿಯನ್ನು ಹೊರಳಿಸುವಾಗ, ಮುಖ ಒರೆಸುವಾಗ, ಯೇಸುವೇ, ಇದು ನಿಮಗಾಗಿ ಎನ್ನಿ. ರೋಗಿಯಾಗಿದ್ದೆ, ನನ್ನನ್ನು ಆರೈಕೆ ಮಾಡಿದಿರಿ ಎಂದು ಮತ್ತಾಯನ 25ನೇ ಅಧ್ಯಾಯದಲ್ಲಿ ಅವರು ಹೇಳಿದ್ದನ್ನು ನಾನು ಅಕ್ಷರಶಃ ನಂಬುತ್ತೇನೆ. ದೇವರು ನಿಮ್ಮ ಮನೆಯಲ್ಲೇ, ಆ ಹಾಸಿಗೆಯಲ್ಲೇ ಕಾಯುತ್ತಿರುವಾಗ, ಹತ್ತಿರವಾಗುವುದು ಯಾವಾಗ ಎಂದು ಕೇಳುತ್ತಿದ್ದೀರಿ!

ಇದು ನನ್ನ ಸ್ವಂತ ಸಮಾಧಾನದ ಮಾತಲ್ಲ. ಜಗತ್ತಿನ ಕಥೋಲಿಕ ಬಿಷಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಧರ್ಮಸಭೆಯ ಕುರಿತು ಕೊಟ್ಟ ದಸ್ತಾವೇಜಿನಲ್ಲಿ, ಗುರುಗಳಿಗೂ ಮಠದವರಿಗೂ ಮಾತ್ರವಲ್ಲ, ಎಲ್ಲ ಕ್ರೈಸ್ತರಿಗೂ ಪವಿತ್ರತೆಯ ಕರೆ ಇದೆ ಎಂದು ಸ್ಪಷ್ಟವಾಗಿ ಹೇಳಿದೆ. ಪವಿತ್ರಾತ್ಮರ ಜೊತೆಗೂಡಿ ಮಾಡಿದರೆ ಗೃಹಸ್ಥರ ಕೆಲಸ, ಪ್ರಾರ್ಥನೆ, ಸಂಸಾರ, ತಾಳ್ಮೆಯಿಂದ ಹೊತ್ತ ಕಷ್ಟ, ಕೊನೆಗೆ ಅವರ ವಿಶ್ರಾಂತಿ ಕೂಡ ಆತ್ಮಿಕ ಬಲಿಯಾಗುತ್ತದೆ, ಬಲಿಪೂಜೆಯಲ್ಲಿ ಕ್ರಿಸ್ತರ ದೇಹದೊಂದಿಗೆ ತಂದೆಗೆ ಅರ್ಪಣೆಯಾಗುತ್ತದೆ ಎನ್ನುತ್ತದೆ ಅದು. ವಿಶ್ರಾಂತಿ ಕೂಡ ಎಂಬುದನ್ನು ಗಮನಿಸಿ. ನೀವು ಅರ್ಧ ಗಂಟೆ ಕಾಲು ಚಾಚಿ ಕೂತರೆ ಅದನ್ನೂ ದೇವರಿಗೆ ಕೊಡಬಹುದು. ಮುಂದಿನ ಸಲ ಬಲಿಪೂಜೆಗೆ ಹೋದಾಗ ಕಾಣಿಕೆಯ ಹೊತ್ತಿಗೆ ಗುರುಗಳು ದ್ರಾಕ್ಷಾರಸಕ್ಕೆ ಒಂದಿಷ್ಟು ನೀರು ಬೆರೆಸುವುದನ್ನು ನೋಡಿ. ಕ್ರಿಸ್ತರ ದೈವತ್ವದಲ್ಲಿ ನಾವು ಪಾಲುಗಾರರಾಗಲಿ ಎಂದು ಆಗ ಮೆಲ್ಲಗೆ ಪ್ರಾರ್ಥಿಸುತ್ತಾರೆ. ಬೆರೆತ ಆ ನೀರನ್ನು ಮತ್ತೆ ಬೇರೆ ಮಾಡಲಾಗುವುದಿಲ್ಲ. ನಿಮ್ಮ ವಾರವನ್ನೆಲ್ಲ ಅಲ್ಲಿ ಹಾಕಿ. ಆ ಕ್ಷಣ ಏನಾದರೂ ಅನ್ನಿಸಬೇಕು ಎಂದಿಲ್ಲ.

ಶರಣಾಗತಿಯ ದೊಡ್ಡ ಪ್ರಾರ್ಥನೆಗಳು ಸದ್ಯಕ್ಕೆ ಬಾಯಿಗೆ ಬರದಿದ್ದರೂ ಪರವಾಗಿಲ್ಲ. ತಂದೆಯೇ, ನನ್ನನ್ನು ನಿಮಗೆ ಒಪ್ಪಿಸುತ್ತೇನೆ ಎಂಬ, ಫ್ರಾನ್ಸಿನ ಸಂತ ಶಾರ್ಲ್ ದ ಫುಕೋ ಅವರ ಪ್ರಾರ್ಥನೆ ಬಹಳ ಜನಕ್ಕೆ ಗೊತ್ತು. ಏನು ಮಾಡಿದರೂ ಸರಿ, ಎಲ್ಲಕ್ಕೂ ಸಿದ್ಧ ಎನ್ನುವ ಜಾಗಕ್ಕೆ ಬಂದಾಗ ನಾಲಿಗೆ ತಡವರಿಸುತ್ತದೆ, ಯಾರಿಗಾದರೂ ತಡವರಿಸಲೇಬೇಕು. ಅವರು ಅದನ್ನು ಬರೆದದ್ದು ಶಿಲುಬೆಯ ಮೇಲಿನ ಯೇಸುವಿನ ಕೊನೆಯ ಮಾತನ್ನು ಧ್ಯಾನಿಸುತ್ತಾ. ಅಂದರೆ ಅದು ಮೊದಲು ಯೇಸುವಿನ ಪ್ರಾರ್ಥನೆ. ನಾವು ಅವರ ಹಿಂದೆ ಹಿಂದೆ ಹೇಳಿಕೊಂಡು ಹೋಗುವವರು. ಇವತ್ತಿಗೆ ಎಷ್ಟು ಸಾಲು ನಿಜವಾಗಿ ಹೇಳಬಲ್ಲಿರೋ ಅಷ್ಟನ್ನೇ ಹೇಳಿ.

ಕೊನೆಯದಾಗಿ ಭಾನುವಾರದ ಮಾತು. ರೋಗಿಯನ್ನು ಬಿಟ್ಟು ಬರಲಾಗದೆ ಬಲಿಪೂಜೆ ತಪ್ಪಿದರೆ ಅದು ಪಾಪವಲ್ಲ. ಕಾಯಿಲೆ, ಹಸುಗೂಸಿನ ಆರೈಕೆಯಂಥ ಗಂಭೀರ ಕಾರಣವಿದ್ದಾಗ ಆ ಕಡ್ಡಾಯ ಇರುವುದಿಲ್ಲ ಎಂದು ಧರ್ಮಸಭೆಯೇ ಹೇಳುತ್ತದೆ. ಆ ದಿನ ಪತಿಯ ಪಕ್ಕ ಕೂತು ಅಂದಿನ ಶುಭಸಂದೇಶವನ್ನು ಗಟ್ಟಿಯಾಗಿ ಓದಿ, ಅವರೂ ಕೇಳಿಸಿಕೊಳ್ಳಲಿ. ನಿಮ್ಮ ಧರ್ಮಕೇಂದ್ರದ ಗುರುಗಳಿಗೆ ಈ ವಾರವೇ ಫೋನ್ ಮಾಡಿ. ಮನೆಗೆ ಪರಮಪ್ರಸಾದ ತಂದುಕೊಡಲು ಕೇಳಿ. ರೋಗಿಗಳಿಗೆ ಪವಿತ್ರ ತೈಲ ಹಚ್ಚುವ ಸಂಸ್ಕಾರವನ್ನೂ ಕೇಳಿ. ಅದು ಸಾಯುವ ಗಳಿಗೆಗೆ ಮಾತ್ರ ಎಂದು ಎಷ್ಟೋ ಜನ ಹೆದರಿ ದೂರ ಇಡುತ್ತಾರೆ. ಹಾಗಲ್ಲ. ಗಂಭೀರವಾದ ಕಾಯಿಲೆಯಲ್ಲಿ ಯಾರು ಬೇಕಾದರೂ ಪಡೆಯಬಹುದು, ಕಾಯಿಲೆ ಉಲ್ಬಣಿಸಿದರೆ ಇನ್ನೊಮ್ಮೆಯೂ ಪಡೆಯಬಹುದು.

ಉಳಿದ ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಪಕ್ಕದಲ್ಲೂ ಇಂಥ ಮನೆ ಇರಬಹುದು. ಈ ಭಾನುವಾರ ಮನೆಯವರು ಬಲಿಪೂಜೆಗೆ ಹೋಗಿ ಬರುವ ತನಕ ರೋಗಿಯ ಹತ್ತಿರ ನಾನಿರುತ್ತೇನೆ, ಎಷ್ಟು ಗಂಟೆಗೆ ಬರಲಿ ಎಂದು ಅಲ್ಲಿ ಹೋಗಿ ಕೇಳಿ.

ಪ್ರಾರ್ಥನೆಗಳೊಂದಿಗೆ,
ಸಂಪಾದಕ