ಕೆಟ್ಟಿರುವುದು ಸಿನಿಮಾನಾ, ಟಿವಿನಾ?

ಪ್ರಶ್ನೆ: ಹೊಸ ಟಿವಿ ತಂದ ಮೇಲೆ ದೊಡ್ಡ ಬಜೆಟ್ಟಿನ ಸಿನಿಮಾವೂ ಧಾರಾವಾಹಿಯ ಹಾಗೆ ಕಾಣುತ್ತಿದೆ. ಥಿಯೇಟರಿನಲ್ಲಿ ಮೈ ಜುಮ್ಮೆನಿಸಿದ ಫೈಟು ಮನೆಯಲ್ಲಿ ಸಪ್ಪೆ. ಯಾಕೆ? (ದಾವಣಗೆರೆ)

ಉತ್ತರ: ಇದು ಸಿನಿಮಾದ ತಪ್ಪಲ್ಲ. ಸಿನಿಮಾ ತೆಗೆಯುವುದು ಸೆಕೆಂಡಿಗೆ 24 ಫ್ರೇಮಿನಲ್ಲಿ. ನಿಮ್ಮ ಟಿವಿಯ ಪರದೆ ಸೆಕೆಂಡಿಗೆ 60 ಅಥವಾ 120 ಸಲ ಬದಲಾಗುತ್ತದೆ. ಎರಡು ಫ್ರೇಮುಗಳ ನಡುವೆ ಏನಿರಬಹುದು ಎಂದು ಟಿವಿ ತಾನೇ ಊಹಿಸಿ, ಇಲ್ಲದ ಚಿತ್ರಗಳನ್ನು ತುಂಬುತ್ತದೆ. ಚಲನೆ ನುಣ್ಣಗಾಗುತ್ತದೆ, ಸಿನಿಮಾದ ಕಳೆ ಹೋಗುತ್ತದೆ. ಓಡುವ ಕಾಲು, ಬೀಸುವ ಕೈಯ ಅಂಚು ಕರಗಿದಂತೆ ಕಂಡರೆ ಅಲ್ಲಿ ಊಹೆ ತಪ್ಪಿದೆ ಎಂದರ್ಥ.

ಪಿಕ್ಚರ್ ಸೆಟ್ಟಿಂಗ್ಸ್‌ಗೆ ಹೋಗಿ. ಎಲ್‌ಜಿಯಲ್ಲಿ ಇದರ ಹೆಸರು ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಪಿಕ್ಚರ್ ಕ್ಲಾರಿಟಿ. ಅದನ್ನು ಆಫ್ ಮಾಡಿ. ಹಲವರು ಎಡವುವುದು ಇದಾದ ಮೇಲೆ: ಎಷ್ಟೋ ಟಿವಿಗಳು ಸೆಟ್‌ಟಾಪ್ ಬಾಕ್ಸಿಗೆ ಒಂದು, ಒಳಗಿನ ಆಪ್‌ಗಳಿಗೆ ಇನ್ನೊಂದು ಸೆಟ್ಟಿಂಗ್ ಇಟ್ಟುಕೊಳ್ಳುತ್ತವೆ. ಹಾಗಾಗಿ ಎರಡರಲ್ಲೂ ಸಿನಿಮಾ ಓಡುತ್ತಿರುವಾಗಲೇ ಬದಲಿಸಿ. ಕ್ಯಾಮೆರಾ ಪಕ್ಕಕ್ಕೆ ತಿರುಗುವಾಗ ತೀರಾ ಜರ್ಕ್ ಎನಿಸಿದರೆ ಪೂರ್ತಿ ಆಫ್ ಬದಲು ಅದರೊಳಗಿನ ಜಡ್ಡರ್ (ಜರ್ಕ್ ತಗ್ಗಿಸುವ ಸೆಟ್ಟಿಂಗ್) ಅಂಕವನ್ನು ಒಂದೋ ಎರಡೋ ಏರಿಸಿ, ಅದಕ್ಕಿಂತ ಹೆಚ್ಚು ಬೇಡ. 2018ರ ಡಿಸೆಂಬರಿನಲ್ಲಿ ನಟ ಟಾಮ್ ಕ್ರೂಸ್ ಇದನ್ನು ಆಫ್ ಮಾಡಿ ಎಂದು ವಿಡಿಯೊ ಮಾಡಿಯೇ ಕೇಳಿಕೊಂಡಿದ್ದರು. ಮುಂದಿನ ವರ್ಷ ಈ ಊಹೆಯನ್ನು ನಿಲ್ಲಿಸುವ ‘ಫಿಲ್ಮ್‌ಮೇಕರ್ ಮೋಡ್’ ಘೋಷಣೆಯಾಯಿತು. ನಿಮ್ಮ ಟಿವಿಯಲ್ಲಿ ಅದಿದ್ದರೆ ಒಂದೇ ಗುಂಡಿಯಲ್ಲಿ ಕೆಲಸ ಮುಗಿಯುತ್ತದೆ. ಕ್ರಿಕೆಟ್ಟಿಗೆ ಬೇಕಾದರೆ ಆನ್ ಮಾಡಿಕೊಳ್ಳಿ.

ಪ್ರಶ್ನೆ: ಕನ್ನಡಕ್ಕೆ ಡಬ್ ಆದ ಸಿನಿಮಾಗಳಲ್ಲಿ ಮಾತು ಮುಖಕ್ಕೆ ಅಂಟುವುದೇ ಇಲ್ಲವಲ್ಲ? (ಶಿರಸಿ)

ಉತ್ತರ: ಮೊದಲು ತುಟಿ ನೋಡಿ. ಪ, ಬ, ಮ ಬಂದಾಗ ಎರಡು ತುಟಿ ಕೂಡಲೇಬೇಕು. ಕ್ಲೋಸಪ್ಪಿನಲ್ಲಿ ನಟನ ತುಟಿ ಮುಚ್ಚಿದ ಕ್ಷಣಕ್ಕೆ ನಮ್ಮ ಸಂಭಾಷಣೆಯಲ್ಲಿ ‘ಗ’ವೋ ‘ತ’ವೋ ಬಂದರೆ ಕಣ್ಣು ಹಿಡಿದುಬಿಡುತ್ತದೆ. ತಮಿಳಿನಲ್ಲಿ ‘ತೆರಿಯುಂ’ ಎಂದು ತುಟಿ ಮುಚ್ಚಿ ಮುಗಿಯುವ ಮಾತಿಗೆ ‘ಗೊತ್ತು’ ಕೂರುವುದಿಲ್ಲ, ‘ಗೊತ್ತಮ್ಮ’ ಹೆಚ್ಚುಕಮ್ಮಿ ಕೂರುತ್ತದೆ. ಒಳ್ಳೆಯ ಬರಹಗಾರ ಕ್ಲೋಸಪ್ಪಿಗೆ ಹೀಗೆ ಹೆಣಗುತ್ತಾನೆ, ಬೆನ್ನು ತೋರಿಸುವ ಶಾಟಿನಲ್ಲಿ ಸ್ವಾತಂತ್ರ್ಯ ತೆಗೆದುಕೊಳ್ಳುತ್ತಾನೆ.

ಎರಡನೆಯದು ಸದ್ದು. ಮೂಲದವರು ಸಂಗೀತ ಮತ್ತು ಪರಿಣಾಮಗಳ ಟ್ರ್ಯಾಕ್ ಬೇರೆಯಾಗಿ ಕೊಡದಿದ್ದರೆ ಹೆಜ್ಜೆ, ಬಟ್ಟೆ, ಬಾಗಿಲುಗಳ ಸದ್ದನ್ನೆಲ್ಲ ಹೊಸದಾಗಿ ಕಟ್ಟಬೇಕು. ದುಡ್ಡು, ಸಮಯ ಇಲ್ಲದಾಗ ಇದನ್ನೇ ಬಿಡುವುದು. ಆಗ ಬಯಲಲ್ಲಿ ನಿಂತ ನಾಯಕ ಬೀರುವಿನೊಳಗಿಂದ ಮಾತಾಡಿದಂತೆ ಕೇಳುತ್ತದೆ. ಡಬ್ಬಿಂಗ್ ತಡೆಯುವುದು ಕಾನೂನಿಗೆ ವಿರುದ್ಧ ಎಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಹೇಳಿದ ಮೇಲೆ ನಮ್ಮಲ್ಲಿ ಈ ಕೆಲಸ ಹೆಚ್ಚಿದೆ. ಕೆಲಸದ ಗುಣಮಟ್ಟ ಕೇಳುವ ಹಕ್ಕು ಪ್ರೇಕ್ಷಕರಿಗೆ ಖಂಡಿತ ಇದೆ.

ಪ್ರಶ್ನೆ: ಧಾರಾವಾಹಿಯಲ್ಲಿ ಒಬ್ಬರು ಒಂದು ಮಾತಾಡಿದರೆ ಮನೆಮಂದಿಯ ಮುಖವನ್ನೆಲ್ಲ ಮೂರು ಮೂರು ಸಲ ತೋರಿಸುವುದೇಕೆ? (ಮೈಸೂರು)

ಉತ್ತರ: ಲೆಕ್ಕ ಹಾಕಿ. ಐದು ಮುಖ, ತಲಾ ಮೂರು ಸಲ, ಪ್ರತಿ ಸಲ ನಾಲ್ಕು ಸೆಕೆಂಡು: ಒಂದು ನಿಮಿಷ ತುಂಬಿತು. ಅರ್ಧ ಗಂಟೆಯ ಎಪಿಸೋಡಿನಲ್ಲಿ ಕತೆಗೆ ಸಿಗುವುದು ಸುಮಾರು 22 ನಿಮಿಷ. ಕೈಯಲ್ಲಿ ಎಪಿಸೋಡ್ ದಾಸ್ತಾನಿಲ್ಲದೆ ಇವತ್ತಿನ ಶೂಟಿಂಗ್ ನಾಳೆಗೇ ಹೋಗಬೇಕಾದಾಗ ಎಡಿಟರಿಗೆ ಉಳಿಯುವ ದಾರಿ ಇದೊಂದೇ.

ಪ್ರಶ್ನೆ: ಕೆಲವು ಕೆಟ್ಟ ಸಿನಿಮಾ ಖುಷಿ ಕೊಡುತ್ತವೆ, ಕೆಲವು ತಲೆನೋವು ತರುತ್ತವೆ. ವ್ಯತ್ಯಾಸವೇನು? (ಕಲಬುರಗಿ)

ಉತ್ತರ: ಮಾಡಿದವರ ಶ್ರದ್ಧೆ. ಎಡ್ ವುಡ್ ನಿರ್ದೇಶಿಸಿದ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’ ನೋಡಿ. 1931ರ ‘ಡ್ರಾಕುಲಾ’ದಿಂದ ಹೆಸರಾದ ಬೆಲಾ ಲುಗೋಸಿ 1956ರಲ್ಲಿ ತೀರಿಕೊಂಡಾಗ ವುಡ್ ಬಳಿ ಅವರ ಸ್ವಲ್ಪ ಮೂಕ ದೃಶ್ಯಗಳಷ್ಟೇ ಇದ್ದವು. ಉಳಿದದ್ದಕ್ಕೆ ತಮ್ಮ ಹೆಂಡತಿಯ ಕೈರೊಪ್ರಾಕ್ಟರನ್ನು (ಬೆನ್ನುಮೂಳೆಗೆ ಕೈಯಿಂದಲೇ ಚಿಕಿತ್ಸೆ ಮಾಡುವವರು) ನಿಲ್ಲಿಸಿ, ಮೇಲಂಗಿಯಿಂದ ಮುಖ ಮುಚ್ಚಿಸಿದರು. ಇಬ್ಬರ ಎತ್ತರವೂ ಹೊಂದುವುದಿಲ್ಲ. ಒಂದೇ ದೃಶ್ಯದಲ್ಲಿ ಹಗಲು, ರಾತ್ರಿ ಅದಲುಬದಲಾಗುತ್ತವೆ. ಟಾಮಿ ವೈಸೋ ಬರೆದು, ನಿರ್ಮಿಸಿ, ನಿರ್ದೇಶಿಸಿ, ನಟಿಸಿದ ‘ದಿ ರೂಮ್’ (2003) ಕೂಡ ಹೀಗೆಯೇ. ಅದನ್ನು ಫಿಲ್ಮ್ ಮತ್ತು ಡಿಜಿಟಲ್ ಕ್ಯಾಮೆರಾಗಳನ್ನು ಅಕ್ಕಪಕ್ಕ ಕೂರಿಸಿ ಏಕಕಾಲಕ್ಕೆ ಚಿತ್ರಿಸಿದರು. ನಾಯಕಿಯ ತಾಯಿ ತನಗೆ ಸ್ತನ ಕ್ಯಾನ್ಸರ್ ಎನ್ನುತ್ತಾಳೆ, ಆಮೇಲೆ ಆ ಮಾತೇ ಇಲ್ಲ. ಸೆಟ್ಟಿನಲ್ಲಿ ಚಮಚದ ಫೋಟೊಗೆ ಫ್ರೇಮು ಹಾಕಿಟ್ಟಿದೆ. ಅದು ಕಂಡಾಗಲೆಲ್ಲ ಅಮೆರಿಕದ ಪ್ರೇಕ್ಷಕರು ಪ್ಲಾಸ್ಟಿಕ್ ಚಮಚ ತೂರುತ್ತಾರೆ.

ಇವರೆಲ್ಲ ಒಳ್ಳೆಯ ಸಿನಿಮಾ ಮಾಡಲೆಂದೇ ಹೊರಟವರು. ನಾಲ್ಕಾರು ಜನ ಸೇರಿ ನೋಡಿ, ಒಬ್ಬರೇ ನೋಡಿದರೆ ಅರ್ಧಕ್ಕೇ ಸುಸ್ತಾಗುತ್ತದೆ. ಬೇಕೆಂದೇ ಕೆಟ್ಟದಾಗಿ ತೆಗೆದ ಶಾರ್ಕು, ಸುಂಟರಗಾಳಿ ಮಾದರಿಯವು ಹತ್ತು ನಿಮಿಷಕ್ಕೆ ಸಾಕೆನಿಸುತ್ತವೆ.

ಪ್ರಶ್ನೆ: ಓಟಿಟಿಯಲ್ಲಿ ಮಾತು ಪಿಸುಗುಟ್ಟಿದಂತೆ, ಹಾಡು ಕಿವಿ ಕಿತ್ತುಹೋಗುವಂತೆ. ಏನು ಮಾಡಲಿ? (ಉಡುಪಿ)

ಉತ್ತರ: ಆಡಿಯೊ ಪಟ್ಟಿಯಲ್ಲಿ ‘ಕನ್ನಡ 5.1’ ಬಿಟ್ಟು ಬರೀ ‘ಕನ್ನಡ’ ಆರಿಸಿ. 5.1 ಎಂದರೆ ಐದು ಸ್ಪೀಕರಿಗೂ ಒಂದು ಸಬ್‌ವೂಫರಿಗೂ ಹಂಚಿದ ಸದ್ದು. ಅದರಲ್ಲಿ ಮಾತು ಹೆಚ್ಚಾಗಿ ನಡುವಿನ ಸ್ಪೀಕರಿಗೆ ಹೋಗುತ್ತದೆ, ನಿಮ್ಮ ಟಿವಿಯಲ್ಲಿ ಅದಿಲ್ಲ.