ಎರಡು ಗಂಟೆಯ ಕಾಲಂ

ಕಲಬುರಗಿಯಿಂದ ಒಬ್ಬ ತಂಗಿ ಬರೆದಿದ್ದಾರೆ. ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್. ತಿಂಗಳಲ್ಲಿ ಹದಿನೈದು ದಿನ ನೈಟ್ ಡ್ಯೂಟಿ, ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ. ಆಪರೇಷನ್ ಆದವರ ವಾರ್ಡು, 22 ಬೆಡ್. ರಾತ್ರಿ ಇವರೊಬ್ಬರೇ, ಜೊತೆಗೆ ಒಬ್ಬ ಆಯಾ. ಮನೆಗೆ ಬಂದ ಮೇಲೆ ರೊಟ್ಟಿ ಬಡಿಯಬೇಕು, ಅತ್ತೆಗೆ ಊಟ ಹಾಕಬೇಕು, ಮಕ್ಕಳಿಬ್ಬರನ್ನು ನೋಡಿಕೊಳ್ಳಬೇಕು. ಆಮೇಲೆ ನಿದ್ದೆ, ಅದೂ ಪತ್ರಾಸಿನ, ಅಂದರೆ ತಗಡು ಹೊದಿಸಿದ ಮನೆಯಲ್ಲಿ. ನಮ್ಮ ಕಡೆಯ ಬಿಸಿಲಿನಲ್ಲಿ ಹಗಲು ಹೊತ್ತು ಪತ್ರಾಸಿನ ಕೆಳಗೆ ಮಲಗಿದವರಿಗೆ ಅದು ಎಂಥ ನಿದ್ದೆ ಅಂತ ಗೊತ್ತು.

ಎರಡು ವರ್ಷದ ಹಿಂದೆ ಒಂದು ಮನೆಕೂಟದಲ್ಲಿ ಈ ತಂಗಿ ಪೂರ್ಣ ಹೃದಯದಿಂದ ಕರ್ತನನ್ನು ಹಿಂಬಾಲಿಸುವ ತೀರ್ಮಾನ ಮಾಡಿದರು. ಹೆಂಗಸರ ಪ್ರಾರ್ಥನಾ ಗುಂಪಿಗೆ ಸೇರಿದರು. ಅದನ್ನು ನಡೆಸುವ ಅಕ್ಕನವರು ಒಂದು ನೇಮ ಹಾಕಿದ್ದಾರೆ. ಕರ್ತನು ತನ್ನನ್ನು ನಿಜವಾಗಿ ಪ್ರೀತಿಸುವವರನ್ನು ಎರಡರಿಂದ ಮೂರರೊಳಗೆ ಎಬ್ಬಿಸುತ್ತಾನಂತೆ. ಎದ್ದವರು ವಾಟ್ಸಾಪ್ ಗುಂಪಿನಲ್ಲಿ 'ಎದ್ದಿದ್ದೇನೆ' ಅಂತ ಬರೆಯಬೇಕು. ಬರೆಯದವರ ಹೆಸರನ್ನು ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ 'ಮಲಗಿರುವ ಸಹೋದರಿಯರು' ಅಂತ ಎಲ್ಲರೆದುರು ಓದುತ್ತಾರೆ.

ಹಾಗಾಗಿ ಈ ತಂಗಿ ಡ್ಯೂಟಿ ಇದ್ದ ರಾತ್ರಿಗಳಲ್ಲಿ ಎರಡಕ್ಕೆ ಬೆಡ್‌ಶೀಟ್ ಇಡುವ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಒಂದು ಗಂಟೆ ಮೊಣಕಾಲೂರುತ್ತಾರೆ. 22 ರೋಗಿಗಳಿಗಾಗಿ ಹೆಸರು ಹಿಡಿದು ಪ್ರಾರ್ಥನೆ ಮಾಡುತ್ತಾರೆ. ಆದರೂ ಮನಸ್ಸು ತಣ್ಣಗಿದೆ. ನಡುವೆ ಕಣ್ಣು ಮುಚ್ಚಿ ಬರುತ್ತದೆ. ಅಕ್ಕನವರಿಗೆ ಹೇಳಿದರೆ, 'ನಿನ್ನ ಅರ್ಧ ಮನಸ್ಸು ಸಂಬಳದ ಮೇಲಿದೆ, ಕೆಲಸ ಬಿಟ್ಟು ಸೇವೆಗೆ ಬಾ' ಅಂದರಂತೆ. ಗಂಡ ಬೇಡ ಅನ್ನುತ್ತಾರೆ. ದೇವರ ಮಾತು ಕೇಳಲೋ, ಗಂಡನ ಮಾತು ಕೇಳಲೋ? ಇದು ಅವರ ಪ್ರಶ್ನೆ.

ತಂಗಿ, ಆ ಪ್ರಶ್ನೆಯನ್ನು ಸ್ವಲ್ಪ ಪಕ್ಕಕ್ಕಿಡೋಣ. ನಿಮ್ಮ ಪತ್ರದ ಮೂರನೇ ಪುಟದ ಮಧ್ಯದಲ್ಲಿ ಒಂದು ಸಾಲಿದೆ. ನೀವು ಅದನ್ನು ಹೋಗುವ ದಾರಿಯಲ್ಲಿ ಹೇಳಿಬಿಟ್ಟಿದ್ದೀರಿ. ನನಗೆ ಅಲ್ಲಿಂದ ಮುಂದೆ ಓದಲು ಆಗಲಿಲ್ಲ.

'ಎರಡು ಗಂಟೆಯ ಬಿ.ಪಿ., ಪಲ್ಸ್ ಹತ್ತು ಗಂಟೆಯದ್ದನ್ನೇ ನೋಡಿಕೊಂಡು ಸ್ವಲ್ಪ ಹಿಂದೆ ಮುಂದೆ ಮಾಡಿ ಬರೆದಿಡುತ್ತೇನೆ, ಅದಕ್ಕೇ ಪ್ರಾರ್ಥನೆಗೆ ಪೂರ್ತಿ ಒಂದು ಗಂಟೆ ಸಿಗುತ್ತದೆ. ದೇವರ ದಯೆಯಿಂದ ಇದುವರೆಗೆ ಯಾರಿಗೂ ಏನೂ ಆಗಿಲ್ಲ.'

ಓದುಗರಿಗೆ ಇದನ್ನು ಬಿಡಿಸಿ ಹೇಳುತ್ತೇನೆ. ಆಪರೇಷನ್ ಆದವರ ಬಿ.ಪಿ., ನಾಡಿಬಡಿತ, ಜ್ವರ, ಉಸಿರು ಇಷ್ಟನ್ನೂ ಹೊತ್ತುಹೊತ್ತಿಗೆ ನೋಡಿ ಚಾರ್ಟಿನಲ್ಲಿ ಬರೆಯುತ್ತಾರೆ. ಈ ವಾರ್ಡಿನಲ್ಲಿ ರಾತ್ರಿ ಹತ್ತಕ್ಕೆ, ಎರಡಕ್ಕೆ, ಬೆಳಿಗ್ಗೆ ಆರಕ್ಕೆ. ಚಾರ್ಟಿನ ಬೆಲೆ ಇರುವುದು ಒಂದು ಅಂಕಿಗೂ ಮುಂದಿನ ಅಂಕಿಗೂ ಇರುವ ವ್ಯತ್ಯಾಸದಲ್ಲಿ. ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದರೆ ರೋಗಿ ಕೂಗಿ ಹೇಳುವುದಿಲ್ಲ. ಸಾಮಾನ್ಯವಾಗಿ ಮೊದಲು ನಾಡಿ ಜೋರಾಗುತ್ತದೆ, ಬಿ.ಪಿ. ಆಮೇಲೆ ಇಳಿಯುತ್ತದೆ. ಹತ್ತಕ್ಕೆ 84 ಇದ್ದ ಪಲ್ಸ್ ಎರಡಕ್ಕೆ 110 ಆಗಿದ್ದರೆ ಅದೇ ಆ ಮನುಷ್ಯ ಕೂಗುವ ಕೂಗು. ಆ ಕಾಲಂನಲ್ಲಿ ಇವರು ನೋಡದೆಯೇ 86 ಬರೆದಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಾರೆ. ಆರು ಗಂಟೆಗೆ ಗೊತ್ತಾಗುವಷ್ಟರಲ್ಲಿ ಎಂಟು ತಾಸು ಕಳೆದಿರುತ್ತದೆ.

ನನ್ನನ್ನು ಚುಚ್ಚಿದ್ದು 'ಸ್ವಲ್ಪ ಹಿಂದೆ ಮುಂದೆ ಮಾಡಿ' ಅನ್ನುವ ಮಾತು. 120 ಇದ್ದ ಬಿ.ಪಿ. 118 ಆಗುತ್ತದೆ. ಅದೇ ಅಂಕಿ ಮತ್ತೆ ಬಂದರೆ ಡಾಕ್ಟರಿಗೆ ಅನುಮಾನ ಬರುತ್ತದೆ ಅಂತ ನಿಮಗೆ ಗೊತ್ತಿದೆ. ಸುಸ್ತಾಗಿ ಕೈ ತಪ್ಪುವುದು ಬೇರೆ. 118 ಬರೆಯಲು ಸ್ವಲ್ಪ ಯೋಚನೆ ಬೇಕು. ಪೆನ್ನಿನ ತುದಿಯಲ್ಲಿ ಆ ಯೋಚನೆ ಮಾಡಿ, ಅದೇ ಕೈ ಜೋಡಿಸಿ ಮೊಣಕಾಲೂರಿದರೆ ಮನಸ್ಸು ತಣ್ಣಗಿರದೆ ಇನ್ನೇನಾಗಬೇಕು? ನಿಮ್ಮ ಮನಸ್ಸಾಕ್ಷಿ ಇನ್ನೂ ಬದುಕಿದೆ ಅನ್ನುವುದಕ್ಕೆ ನಿಮ್ಮ ಆ ತಣ್ಣಗಿನ ಭಾವವೇ ಗುರುತು ಅಂತ ನಾನು ನಂಬುತ್ತೇನೆ. ಅದನ್ನು ಭಕ್ತಿಯ ಕೊರತೆ ಅಂತ ಓದಬೇಡಿ.

ಇನ್ನು 'ಯಾರಿಗೂ ಏನೂ ಆಗಿಲ್ಲ' ಅನ್ನುವ ಸಾಕ್ಷಿ. ನೋಡದೆ ಬರೆದವರಿಗೆ ಏನಾಯಿತು ಅಂತ ಹೇಗೆ ಗೊತ್ತಾಗುತ್ತದೆ? ದೇವರ ದಯೆಯ ಹೆಸರು ಇಲ್ಲಿ ತೆಗೆಯಬೇಡಿ.

ಇಷ್ಟು ಕಟುವಾಗಿ ಬರೆಯುವಾಗ ನನ್ನ ಕಣ್ಣೆದುರು ಇರುವುದು ನಮ್ಮಪ್ಪ. ಶಹಾಬಾದಿನ ಫರಸಿ ಕಲ್ಲಿನ ಗಣಿಯಲ್ಲಿ ಅಳತೆ ಬರೆಯುವ ಕೆಲಸ ಮಾಡುತ್ತಿದ್ದರು. ಕಲ್ಲು ಒಡೆಯುವವರಿಗೆ ಚದರ ಅಡಿ ಲೆಕ್ಕದಲ್ಲಿ ಕೂಲಿ. ಭಾನುವಾರ ನಮ್ಮ ಸಣ್ಣ ಸಭೆಯಲ್ಲಿ ಪ್ರಸಂಗವನ್ನೂ ಅವರೇ ಮಾಡುತ್ತಿದ್ದರು. ಒಂದು ಶನಿವಾರ ಸಂಜೆ ದೊಡ್ಡ ಪ್ರಾರ್ಥನಾ ಕೂಟ. ಇಬ್ಬರು ಹಿರಿಯರು ಗಣಿಯವರೆಗೆ ಬಂದು ಕರೆದರು. ಅಂದಾಜಿಗೆ ಬರೆದುಕೊಂಡು ಬನ್ನಿ, ಕೂಟ ಶುರುವಾಯಿತು ಅಂದರು. ಅಪ್ಪ ಟೇಪು ಕೆಳಗಿಡಲಿಲ್ಲ. 'ಅಳತಿ ಮುಗಿಸ್ಕೊಂಡು ಬರ್ತೀನ್ರೀ, ಇವರೂ ಮನಿಗೆ ಹೋಗಬೇಕಲ್ಲ' ಅಂದರು. ಕತ್ತಲಾದ ಮೇಲೆ ನಾನು ಕಂದೀಲು ಹಿಡಿದು ನಿಂತಿದ್ದೆ. ಕೊನೆಯ ರಾಶಿಯ ಒಂದು ಫರಸಿಯ ಮೂಲೆ ಒಡೆದಿತ್ತು. ಅದರ ಮೇಲೆ ಅವರು ಎರಡು ಸಲ ಟೇಪು ಹಿಡಿದರು. ಕೂಟಕ್ಕೆ ಮುಟ್ಟುವಾಗ ಕೊನೆಯ ಹಾಡು ನಡೆದಿತ್ತು. ಮೋಸದ ತಕ್ಕಡಿ ಕರ್ತನಿಗೆ ಅಸಹ್ಯ ಅಂತ ಜ್ಞಾನೋಕ್ತಿ 11ರ ಮೊದಲ ವಚನ ಹೇಳುತ್ತದಲ್ವಾ, ಅದು ಓದಿದಾಗಲೆಲ್ಲ ನನಗೆ ನೆನಪಾಗುವುದು ಆ ಮೂಲೆ ಒಡೆದ ಕಲ್ಲು.

ಈ ಅಂಕಣದಲ್ಲಿ ನಾನು ಮತ್ತೆ ಮತ್ತೆ ಹೇಳುವ ಮಾತು ಒಂದಿದೆ, ಇವತ್ತೂ ಹೇಳುತ್ತೇನೆ. ನಮ್ಮದಲ್ಲದ್ದನ್ನು ದೇವರಿಗೆ ಕೊಡಲು ಬರುವುದಿಲ್ಲ. ನೀವು ಅರ್ಪಿಸುತ್ತಿರುವ ಆ ಒಂದು ಗಂಟೆ ನಿಮ್ಮದಲ್ಲ. ಅದು ಆ 22 ಜನರದ್ದು. ಇದನ್ನು ಅರ್ಥ ಮಾಡಿಕೊಳ್ಳಲು ನಾವು ದೂರ ಹೋಗಬೇಕಾಗಿಲ್ಲ. ಪಕ್ಕದ ಬೀದರ್ ಜಿಲ್ಲೆಯ ಬಸವಕಲ್ಯಾಣಕ್ಕೆ ಹೋದರೆ ಸಾಕು. ಹನ್ನೆರಡನೇ ಶತಮಾನದಲ್ಲಿ ಅಲ್ಲಿ ಆಯ್ದಕ್ಕಿ ಮಾರಯ್ಯ ಅಂತ ಒಬ್ಬ ಶರಣರಿದ್ದರು. ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಅಕ್ಕಿ ಜಾಸ್ತಿ ತಂದರು. ಹೆಂಡತಿ ಲಕ್ಕಮ್ಮ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ. ದಾಸೋಹಕ್ಕೇ ತಂದದ್ದು ಅನ್ನುವ ಮಾತಿಗೂ ಬಗ್ಗಲಿಲ್ಲ. ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಅಂದರು. ನಾನು ಕ್ರೈಸ್ತಳು. ಆದರೆ ಲಕ್ಕಮ್ಮನ ಹೊಸ್ತಿಲ ಮುಂದೆ ನಿಂತಾಗ ನನ್ನ ಸತ್ಯವೇದ ನನಗೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಸತ್ಯವೇದ ಏನು ಹೇಳುತ್ತದೆ? ಮಾಡುವುದನ್ನೆಲ್ಲ ಮನುಷ್ಯರಿಗೆ ಅಂತ ಮಾಡದೆ ಕರ್ತನಿಗೆ ಅಂತಲೇ ಮನಸಿಟ್ಟು ಮಾಡಿ ಅಂತ ಪೌಲ ಕೊಲೊಸ್ಸೆಯ ಸಭೆಗೆ ಬರೆದ (3:23). ಪೂರ್ಣ ಹೃದಯದ ಬಗ್ಗೆ ಮಾತಾಡುವವರೆಲ್ಲ ಈ ವಚನ ಹೇಳುತ್ತಾರೆ. ಆದರೆ ಅದನ್ನು ಯಾರಿಗೆ ಬರೆದದ್ದು? ಒಂದು ವಚನ ಹಿಂದಕ್ಕೆ ಹೋಗಿ ನೋಡಿ. ದಾಸರಿಗೆ, ಗುಲಾಮರಿಗೆ. ಹೊತ್ತು ತಮ್ಮ ಕೈಯಲ್ಲಿಲ್ಲದವರಿಗೆ. ಅವರು ಯಾವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕಿತ್ತು? ಯಜಮಾನ ನೋಡುವಾಗ ಮಾತ್ರ ಕೆಲಸ ಮಾಡುವವರಾಗಬೇಡಿ ಅಂತಲೂ ಅಲ್ಲೇ ಇದೆ. ರಾತ್ರಿ ಎರಡಕ್ಕೆ ನಿಮ್ಮ ವಾರ್ಡಿನಲ್ಲಿ ನೋಡುವವರು ಯಾರೂ ಇಲ್ಲ. ಆ ಮಾತು ನೇರ ನಿಮಗೇ ಬಂದ ಹಾಗಿದೆ.

ಕ್ರಿಸ್ಮಸ್ ರಾತ್ರಿಯ ಕಥೆಯನ್ನೂ ನೆನಪಿಸಿಕೊಳ್ಳಿ. ಲೂಕ 2:8. ದೇವದೂತ ಬಂದದ್ದು ಕುರುಬರ ಹತ್ತಿರ. ಅವರು ಮೊಣಕಾಲೂರಿ ಕೂತಿರಲಿಲ್ಲ, ಬಯಲಿನಲ್ಲಿ ಪಾಳಿ ಹಾಕಿಕೊಂಡು ರಾತ್ರಿ ಕುರಿ ಕಾಯುತ್ತಿದ್ದರು. ನೈಟ್ ಡ್ಯೂಟಿಯವರು. ಅಂದು ಯಾರಾದರೂ ಕುರಿ ಬಿಟ್ಟು ಪ್ರಾರ್ಥನೆಗೆ ಹೋಗಿದ್ದರೆ ಅವನಿಗೆ ಆ ಬೆಳಕು ಕಾಣುತ್ತಿರಲಿಲ್ಲ.

ಈಗ ನಿಮ್ಮ ಅಕ್ಕನವರ ವಿಷಯ. ತಂಗಿ, ನಿಮ್ಮ ತಪ್ಪಿನಲ್ಲಿ ದೊಡ್ಡ ಪಾಲು ಅವರದ್ದು. ದಣಿದ ಹೆಂಗಸರ ಹೆಸರನ್ನು ಎಲ್ಲರೆದುರು ಓದಿ ನಾಚಿಕೆಪಡಿಸುವುದು ಕುರುಬನ ಕೆಲಸವಲ್ಲ. 'ಒಂದು ಗಳಿಗೆಯಾದರೂ ಎಚ್ಚರವಾಗಿರಲಾರಿರಾ' ಅನ್ನುವ ವಚನವನ್ನು ಅವರು ನಿಮಗೆ ತೋರಿಸಿದ್ದಾರೆ ಅಂತ ಬರೆದಿದ್ದೀರಿ. ಮತ್ತಾಯ 26:40. ಮುಂದಿನ ವಚನ ತೋರಿಸಿದರಾ? ಮನಸ್ಸು ಸಿದ್ಧವಿದೆ, ದೇಹಕ್ಕೆ ಬಲವಿಲ್ಲ ಅಂತ ಅದೇ ಉಸಿರಿನಲ್ಲಿ ಯೇಸುಸ್ವಾಮಿ ಶಿಷ್ಯರ ಪರವಾಗಿ ಹೇಳಿದರು. ನಮ್ಮ ಮೆಥೋಡಿಸ್ಟ್ ಪಂಗಡದ ಮೂಲಪುರುಷ ಜಾನ್ ವೆಸ್ಲಿ ನಸುಕಿನ ನಾಲ್ಕಕ್ಕೆ ಏಳುತ್ತಿದ್ದರು ಅಂತ ನಮ್ಮ ಸಭೆಗಳಲ್ಲಿ ಹೇಳದ ಪ್ರಸಂಗಿಗಳಿಲ್ಲ. ನಿಜವೇ. ರಾತ್ರಿ ಹತ್ತರ ಸುಮಾರಿಗೆ ಅವರು ಮಲಗುತ್ತಿದ್ದರು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಪ್ರವಾದಿ ಎಲೀಯ ಸೋತು ಗಿಡದ ಕೆಳಗೆ ಬಿದ್ದು ಸಾಯುತ್ತೇನೆ ಅಂದಾಗ ದೇವದೂತ ಮಾಡಿದ್ದೇನು? ರೊಟ್ಟಿ ಕೊಟ್ಟ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ (1 ಅರಸುಗಳು 19). 'ಎದ್ದಿದ್ದೇನೆ' ಅಂತ ಎಲ್ಲೂ ಬರೆಸಿಕೊಳ್ಳಲಿಲ್ಲ. ಭಕ್ತಿಯನ್ನು ನಿದ್ದೆಗೆಟ್ಟ ತಾಸುಗಳಲ್ಲಿ ಅಳೆಯುವವರ ಮೇಲೆ ನನಗೆ ಸಿಟ್ಟಿದೆ. ಆ ಸಿಟ್ಟು ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ನಿಮ್ಮ ಆಸ್ಪತ್ರೆಯವರಿಗೂ ಒಂದು ಮಾತು ಸೇರಬೇಕು. 22 ಬೆಡ್‌ಗೆ ರಾತ್ರಿ ಒಬ್ಬರೇ ನರ್ಸ್ ಅಂದರೆ ಅದು ಅನ್ಯಾಯ. ಆದರೆ ಒಂದು ವಿಷಯ ಯೋಚಿಸಿದ್ದೀರಾ? ಎರಡು ಗಂಟೆಯ ಕಾಲಂ ದಿನಾ ತುಂಬಿರುವುದನ್ನು ನೋಡಿದವರಿಗೆ ಒಬ್ಬರೇ ಸಾಕು ಅಂತಲೇ ಅನ್ನಿಸುತ್ತದೆ. ಇನ್ನೊಬ್ಬರನ್ನು ಯಾಕೆ ನೇಮಿಸುತ್ತಾರೆ? ನಿಮ್ಮ ಸುಳ್ಳು ಅಂಕಿಗಳು ಅವರ ಖರ್ಚು ಉಳಿಸುತ್ತಿವೆ. ಮೂರು ಗಂಟೆಯೊಳಗೆ ಹದಿನಾರು ಜನರನ್ನು ಮಾತ್ರ ನೋಡಲು ಆದರೆ ಹದಿನಾರು ಬರೆಯಿರಿ. ಉಳಿದ ಆರು ಚಾರ್ಟುಗಳಲ್ಲಿ ಆ ಜಾಗ ಖಾಲಿ ಇರಲಿ, ಯಾಕೆ ಖಾಲಿ ಅಂತ ಬೆಳಿಗ್ಗೆ ಮುಂದಿನ ಪಾಳಿಯವರಿಗೆ ಒಪ್ಪಿಸುವ ಹ್ಯಾಂಡೋವರ್‌ನಲ್ಲಿ ಹೇಳಿ. ಬೈಗುಳ ಬರಬಹುದು. ಬರಲಿ. ಖಾಲಿ ಕಾಲಂ ನಿಜ ಹೇಳುತ್ತದೆ.

ನಿಮ್ಮ ವೃತ್ತಿಯ ಹಿರಿಯಕ್ಕ ಫ್ಲಾರೆನ್ಸ್ ನೈಟಿಂಗೇಲ್‌ಗೆ ದೇವರ ಕರೆ ಕೇಳಿಸಿದ್ದು 1837ರಲ್ಲಿ, ಹದಿನಾರನೇ ವಯಸ್ಸಿನಲ್ಲಿ. ಆ ಕರೆ ಅವರನ್ನು 1854ರಲ್ಲಿ ತುರ್ಕಿಯ ಸ್ಕುಟಾರಿಯಲ್ಲಿದ್ದ ಯುದ್ಧದ ಗಾಯಾಳುಗಳ ವಾರ್ಡಿಗೆ ಕರೆದೊಯ್ದಿತು. ದೀಪ ಹಿಡಿದು ರಾತ್ರಿ ಹಾಸಿಗೆಯಿಂದ ಹಾಸಿಗೆಗೆ ನಡೆದದ್ದು ಎಲ್ಲರಿಗೂ ಗೊತ್ತು. ಸೈನಿಕರು ಯಾವುದರಿಂದ ಸತ್ತರು, ಎಷ್ಟು ಜನ ಸತ್ತರು ಅಂತ ಲೆಕ್ಕ ಸರಿಯಾಗಿ ಇಡಬೇಕೆಂದು ಮುಂದೆ ವರ್ಷಗಟ್ಟಲೆ ಹಟ ಹಿಡಿದವರೂ ಅವರೇ. ದೀಪದಷ್ಟೇ ದೊಡ್ಡದು ಆ ಲೆಕ್ಕ.

ಗಂಡ ಬೇಡ ಅನ್ನುವುದು ಸಂಬಳಕ್ಕೋ ಪ್ರೀತಿಗೋ ನನಗೆ ಗೊತ್ತಾಗಲಿಲ್ಲ, ಅದನ್ನು ಇಲ್ಲಿ ಎಳೆಯುವುದಿಲ್ಲ. ಕೆಲಸ ಬಿಡುವ ಮಾತನ್ನು ಆರು ತಿಂಗಳು ಮುಂದೆ ಹಾಕಿ. ಈಗ ಬಿಟ್ಟರೆ ಆ ಕಾಲಂ ಹಾಗೇ ಉಳಿದುಬಿಡುತ್ತದೆ, ನೀವು ಎಲ್ಲಿಗೆ ಹೋದರೂ ಅದು ಹಿಂದೆ ಬರುತ್ತದೆ. ಇಷ್ಟು ದಿನ ಬರೆದದ್ದನ್ನು ನಿಮ್ಮ ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಮುಂದೆ ಒಪ್ಪಿಕೊಳ್ಳಬೇಕು. ಅದಕ್ಕೆ ಧೈರ್ಯ ಬೇಕು, ಆ ಧೈರ್ಯಕ್ಕಾಗಿ ನಾನೂ ಪ್ರಾರ್ಥಿಸುತ್ತೇನೆ, ನಿಮ್ಮ ಹೆಸರು ಹಿಡಿದು.

ಆದರೆ ಇವತ್ತು ರಾತ್ರಿ ಮಾಡಬೇಕಾದದ್ದು ಒಂದೇ. ಎರಡು ಗಂಟೆಗೆ ಫೋನನ್ನು ಡ್ರಾಯರಿನಲ್ಲಿಡಿ. ಬಿ.ಪಿ. ಉಪಕರಣ ಕೈಗೆ ತೆಗೆದುಕೊಳ್ಳಿ. ಬೆಡ್‌ಶೀಟ್ ಕೋಣೆಯ ಬಾಗಿಲು ದಾಟಿ ವಾರ್ಡಿನೊಳಗೆ ಹೋಗಿ. ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಬಿಡುವಾಗ ಸ್ಟೆತಾಸ್ಕೋಪಿನಲ್ಲಿ ಮೊದಲ ಬಡಿತ ಕೇಳುವವರೆಗೆ ಒಂದಿಷ್ಟು ಮೌನ ಇರುತ್ತದಲ್ಲ, ಆ ರೋಗಿಯ ಹೆಸರನ್ನು ಅಲ್ಲಿ ಕರ್ತನಿಗೆ ಹೇಳಿ. ಕೇಳಿಸಿದ ಅಂಕಿಯನ್ನೇ ಬರೆಯಿರಿ.

ಮೂರನೇ ಬೆಡ್‌ನಿಂದ ಶುರು ಮಾಡಿ. ಜೇವರ್ಗಿ ಕಡೆಯ ಆ ಅಜ್ಜಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ, 'ಸಿಸ್ಟರವ್ವಾ, ಸಿಸ್ಟರವ್ವಾ' ಅಂತ ಕರೆಯುತ್ತಾ ಪ್ರಾರ್ಥನೆಗೆ ತಡೆ ಮಾಡುತ್ತಾರೆ ಅಂತ ನೀವೇ ಬರೆದಿದ್ದೀರಿ. ಅವರು ಆ ಹೊತ್ತಿಗೆ ಎಚ್ಚರವಾಗಿಯೇ ಇರುತ್ತಾರೆ.